ಎರಡು ಮನೆಯ ಉಪ್ಪು

ಸೈನಿಕನ ನಿಷ್ಠೆಯ ಮಾತು ಬಂದಾಗ ನಮ್ಮ ಜನ ಒಂದೇ ಗಾದೆಯಲ್ಲಿ ತೀರ್ಪು ಕೊಟ್ಟುಬಿಡುತ್ತಾರೆ: ಉಂಡ ಮನೆಗೆ ಎರಡು ಬಗೆಯಬಾರದು. ಮಾತೇನೋ ಸರಳವಾಗಿದೆ. ಆದರೆ ಉಪ್ಪು ಒಂದು ಮನೆಯದು, ಬಡಿಸುವ ಕೈ ಇನ್ನೊಂದು ಮನೆಯದು ಎಂದಾದಾಗ ಉಂಡವನ ಋಣ ಯಾರಿಗೆ ಸಲ್ಲಬೇಕು? ಗಾದೆ ಇದಕ್ಕೆ ಉತ್ತರ ಕೊಡುವುದಿಲ್ಲ. ಈ ಪ್ರಶ್ನೆಯ ನಟ್ಟನಡುವೆ ಮೂವತ್ತಾರು ವರ್ಷ ಬಾಳಿ, ಕೊನೆಗೆ ಒಂದು ರಾತ್ರಿಯ ಅವಧಿಯಲ್ಲಿ ಗಂಟುಮೂಟೆ ಕಟ್ಟಬೇಕಾಗಿ ಬಂದ ಒಬ್ಬ ಸೇನಾಧಿಕಾರಿಯ ವಿಷಯವನ್ನು ನಾನಿಂದು ಹೇಳಬೇಕೆಂದಿದ್ದೇನೆ. ಹುಟ್ಟಿನಿಂದ ಆತ ಇಂಗ್ಲಿಷಿನವನು. ಆತ ಕಟ್ಟಿ ಬೆಳೆಸಿದ್ದು ಅರಬರ ಸೈನ್ಯವನ್ನು. ಹೆಸರು ಜಾನ್ ಬ್ಯಾಗಟ್ ಗ್ಲಬ್. ಲೋಕಕ್ಕೆ ಆತ ಗ್ಲಬ್ ಪಾಷಾ.

ಮರುಭೂಮಿಯ ಈ ಕಥೆ ಕೋಲಾರ ಸೀಮೆಯವನಾದ ನನಗೇಕೆ ಎಂದು ನೀವು ಕೇಳಬಹುದು. ಅನ್ಯಭಾಷೆಯ ಅಧಿಕಾರಿ, ಅವನ ಮಾತಿಗೆ ಪ್ರಾಣ ಕೊಡುವ ನಾಡಸಿಪಾಯಿ, ಈ ಜೋಡಿ ನಮ್ಮ ನೆಲಕ್ಕೆ ಹೊಸದಲ್ಲ. ಕೋಲಾರದಲ್ಲಿ ಫತೇ ಮಹಮ್ಮದನ ಗೋರಿಯಿದೆ. ಆತ ಸಿರಾದ ನವಾಬರ ಕೈಕೆಳಗೆ ಇಲ್ಲಿ ಫೌಜುದಾರನಾಗಿದ್ದವನು. ಅವನ ಮಗನೇ ಬೂದಿಕೋಟೆಯಲ್ಲಿ ಹುಟ್ಟಿದ ಹೈದರಾಲಿ. 1768ರ ಅಕ್ಟೋಬರಿನಲ್ಲಿ ಮುಳಬಾಗಿಲಿನ ಬಂಡೆಗಳ ನಡುವೆ ಹೈದರನ ಸೇನೆಗೂ ಕರ್ನಲ್ ವುಡ್‌ನ ಪಡೆಗೂ ಕಾಳಗ ನಡೆಯಿತು. ಇಂಗ್ಲಿಷರ ಕಡೆ ಸೋಲು ಖಚಿತವೆನ್ನುವಾಗ ಗಾಯಗೊಂಡಿದ್ದ ಕ್ಯಾಪ್ಟನ್ ಬ್ರೂಕ್ ಕೆಲವೇ ಮಂದಿ ಅಶಕ್ತ ಸೈನಿಕರೊಡನೆ ಎರಡು ತೋಪುಗಳನ್ನು ಬಂಡೆಯ ಮೇಲಕ್ಕೆ ಎಳೆಸಿ, ‘ಸ್ಮಿತ್, ಸ್ಮಿತ್’ ಎಂದು ಕೂಗಿಸಿದ. ಕರ್ನಲ್ ಸ್ಮಿತ್‌ನ ದೊಡ್ಡ ಪಡೆಯೇ ಬಂದಿತೆಂದು ಎದುರಾಳಿಗಳು ನಂಬಿದರು. ವುಡ್‌ನ ಪಡೆ ಉಳಿಯಿತು. ಆ ದಿನ ಇಂಗ್ಲಿಷರ ಪಾಳಯದಲ್ಲಿ ಹೋರಾಡಿದವರಲ್ಲಿ ಹೆಚ್ಚಿನವರು ಮದರಾಸು ಕಡೆಯ ಸಿಪಾಯಿಗಳು. ಅವರು ಯಾರಿಗಾಗಿ ಹೋರಾಡಿದರು? ಸಂಬಳ ಕೊಟ್ಟ ಕಂಪನಿಗೋ, ಎದುರಿಗೆ ನಿಂತು ಹುರಿದುಂಬಿಸಿದ ಅಧಿಕಾರಿಗೋ?

ಮುಳಬಾಗಿಲಿನಿಂದ ಬಡಗಲಿಗಿರುವ ಶ್ರೀನಿವಾಸಪುರದ ಹೆಸರಿನಲ್ಲಿಯೂ ಇಂಥದೇ ಒಂದು ನೆನಪಿದೆ. ಪಾಪನಪಲ್ಲಿಯೆಂಬ ಊರಿಗೆ ದಿವಾನ್ ಪೂರ್ಣಯ್ಯನವರು ತಮ್ಮ ಮಗ ಶ್ರೀನಿವಾಸಮೂರ್ತಿಯ ಹೆಸರನ್ನಿಟ್ಟರೆಂದು ಗೆಜೆಟಿಯರು ತಿಳಿಸುತ್ತದೆ. ಟಿಪ್ಪುವಿನ ಮಂತ್ರಿಯಾಗಿದ್ದ ಪೂರ್ಣಯ್ಯನವರು 1799ರ ತರುವಾಯ ಇಂಗ್ಲಿಷರು ಕೂರಿಸಿದ ಅರಸರ ದಿವಾನರಾದರು. 1803ರಲ್ಲಿ ವೆಲ್ಲೆಸ್ಲಿಯು ಮರಾಠರ ಮೇಲೆ ದಂಡೆತ್ತಿ ಹೋದಾಗ ಮೈಸೂರಿನ ಸಿಲ್ಲೇದಾರ ಕುದುರೆಸವಾರರೂ ಅವನೊಡನೆ ಹೋದರು. ನಮ್ಮ ಅರಸರ ಸೈನ್ಯ, ಅನ್ಯರ ಯುದ್ಧ. ಮೈಸೂರು ಸಂಸ್ಥಾನದ ಸೇನೆಯ ಮುಂದಿನ ನೂರೈವತ್ತು ವರ್ಷಗಳ ಇತಿಹಾಸದ ಬೀಜ ಇಲ್ಲಿಯೇ ಇದೆ.

ಅರಬ್ ನಾಡಿಗೂ ನಮಗೂ ನೇರವಾದ ಸಂಬಂಧ ಏರ್ಪಟ್ಟದ್ದು ಮೊದಲನೆಯ ಮಹಾಯುದ್ಧದಲ್ಲಿ. ದೇಶೀಯ ಸಂಸ್ಥಾನಗಳು ಚಕ್ರಾಧಿಪತ್ಯದ ಉಪಯೋಗಕ್ಕಾಗಿ ತಮ್ಮ ಖರ್ಚಿನಲ್ಲಿಯೇ ಪಡೆಗಳನ್ನು ಸಾಕಬೇಕೆಂಬ ಯೋಜನೆ 1889ರಲ್ಲಿ ಹುಟ್ಟಿತು. ಅದರಂತೆ ರೂಪುಗೊಂಡ ಮೈಸೂರು ಲ್ಯಾನ್ಸರ್ಸ್ ಎಂಬ ಭರ್ಜಿ ಸವಾರರ ದಳ 1914ರಲ್ಲಿ ಬಿ. ಚಾಮರಾಜ ಅರಸರ ನಾಯಕತ್ವದಲ್ಲಿ ಸೂಯೆಜ್ ಕಾಲುವೆಯ ಕಾವಲಿಗೆ ಹೊರಟಿತು. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಸವಾರರೂ ಮೈಸೂರಿನ ಸವಾರರೂ ಕೂಡಿ ಹೈಫಾ ಪಟ್ಟಣವನ್ನು ತುರ್ಕರಿಂದ ಗೆದ್ದರು. ಕಾರ್ಮೆಲ್ ಬೆಟ್ಟದ ಮೇಲಿನ ತೋಪುಗಳ ಬಾಯಿ ಮುಚ್ಚಿಸುವ ಕೆಲಸ ನಮ್ಮವರ ಪಾಲಿಗೆ ಬಂದಿತ್ತು. ಮುಂದೆ ಒಂದು ತಿಂಗಳಿಗೆ ಅವರು ಅಲೆಪ್ಪೊ ನಗರದ ಹೊರವಲಯವನ್ನು ಮುಟ್ಟಿದರು. ಹಿಂದಿನ ರಾತ್ರಿ ಆ ನಗರವನ್ನು ಹೊಕ್ಕಿದ್ದವರು ಷರೀಫನ ಅರಬ್ ಸೈನಿಕರು. ಅಕ್ಟೋಬರ್ 26ರಂದು ಹರಿತಾನ್ ಎಂಬ ಹಳ್ಳಿಯ ಬಳಿ ಮೈಸೂರು ಮತ್ತು ಜೋಧಪುರದ ಸವಾರರು ತುರ್ಕರ ಹಿಂಬದಿಯ ಪಡೆಯ ಮೇಲೆ ಬಿದ್ದರು. ಜೋಧಪುರದ ದಳದೊಡನಿದ್ದ ಬ್ರಿಟಿಷ್ ಅಧಿಕಾರಿ ಹೋಲ್ಡನ್ ಅಲ್ಲಿ ಮಡಿದ. ನಾಲ್ಕೈದು ದಿನಗಳಲ್ಲಿ ಆ ರಂಗದ ಯುದ್ಧವೇ ಮುಗಿಯಿತು.

ಹೋಲ್ಡನ್‌ನ ಹುದ್ದೆಯನ್ನು ಸ್ವಲ್ಪ ಗಮನಿಸಬೇಕು. ಸಂಸ್ಥಾನಗಳ ದಳಗಳಿಗೆ ನಾಯಕರು ಸಂಸ್ಥಾನದ ಅಧಿಕಾರಿಗಳೇ. ಅವರ ಪಕ್ಕದಲ್ಲಿ ‘ವಿಶೇಷ ಸೇವೆಯ ಅಧಿಕಾರಿ’ ಎಂಬ ಹೆಸರಿನಿಂದ ಒಬ್ಬಿಬ್ಬರು ಬ್ರಿಟಿಷರು ಇರುತ್ತಿದ್ದರು. ನಿಯಮದ ಪ್ರಕಾರ ಅವರದು ಸಲಹೆ ಕೊಡುವ ಕೆಲಸ. ಯುದ್ಧರಂಗದಲ್ಲಿ ಸಲಹೆ ಎಲ್ಲಿ ಮುಗಿದು ಆಜ್ಞೆ ಎಲ್ಲಿ ಮೊದಲಾಗುತ್ತದೆ ಎಂಬುದನ್ನು ಬಲ್ಲವರು ಯಾರು? ಹೀಗೆ ನಮ್ಮಲ್ಲಿದ್ದ ಏರ್ಪಾಡು ಇದು: ಬೊಕ್ಕಸ ನಮ್ಮದು, ಅಪ್ಪಣೆ ಅವರದು. ಗ್ಲಬ್ ಬಾಳಿದ ನಾಡಿನಲ್ಲಿ ಈ ಏರ್ಪಾಡು ತಲೆಕೆಳಗಾಗಿತ್ತು: ಬೊಕ್ಕಸ ಬ್ರಿಟಿಷರದು, ಅಪ್ಪಣೆ ಅಲ್ಲಿನ ಅರಸನ ಹೆಸರಿನಲ್ಲಿ. ಈ ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಗ್ಲಬ್‌ನ ಬಾಳು ಅರ್ಥವಾಗುತ್ತದೆ.

ಗ್ಲಬ್ ಹುಟ್ಟಿದ್ದು 1897ರಲ್ಲಿ, ಇಂಗ್ಲೆಂಡಿನ ಪ್ರೆಸ್ಟನ್ ಪಟ್ಟಣದಲ್ಲಿ. ತಂದೆ ಸೇನೆಯ ಇಂಜಿನಿಯರುಗಳ ದಳದಲ್ಲಿ ದೊಡ್ಡ ಅಧಿಕಾರಿ. ಮಗನೂ 1915ರಲ್ಲಿ ಅದೇ ದಳವನ್ನು ಸೇರಿದ. 1917ರಲ್ಲಿ ಫ್ರಾನ್ಸಿನ ರಣರಂಗದಲ್ಲಿ ಅವನ ದವಡೆ ಸಿಡಿಗುಂಡಿಗೆ ಸಿಕ್ಕಿ ಚೂರಾಯಿತು. ಮುಂದೆ ಅರಬರು ಅದನ್ನೇ ಹಿಡಿದು ‘ಅಬು ಹುನೈಕ್’, ಅಂದರೆ ಪುಟ್ಟ ದವಡೆಯಪ್ಪ, ಎಂದು ಪ್ರೀತಿಯಿಂದ ಕರೆದರು. ಅಂಗದ ಊನವನ್ನೇ ಹೆಸರು ಮಾಡಿ ಕರೆಯುವ ಸಲಿಗೆ ನಮ್ಮ ಹಳ್ಳಿಗಳಿಗೂ ಗೊತ್ತಿರುವುದೇ.

1920ರಲ್ಲಿ ಆತ ಇರಾಕಿಗೆ ಬಂದ. ಆಗ ಅಲ್ಲಿ ಬ್ರಿಟಿಷರ ಆಡಳಿತದ ವಿರುದ್ಧ ದೊಡ್ಡ ಬಂಡಾಯವೆದ್ದಿತ್ತು. ಕಂದಾಯ ಕೊಡದ, ಮಾತು ಕೇಳದ ಬುಡಕಟ್ಟುಗಳ ಮೇಲೆ ವಿಮಾನಗಳಿಂದ ಬಾಂಬು ಹಾಕಿ ಹದ್ದಿಗೆ ತರುವುದು ಅಲ್ಲಿನ ರಾಜನೀತಿಯಾಗಿತ್ತು. ಯಾವ ಹಳ್ಳಿ ಎಲ್ಲಿದೆಯೆಂದು ಮುಂಚಿತವಾಗಿ ತಿರುಗಿ ನೋಡಿ ನಕ್ಷೆ ಬರೆದುಕೊಡುವ ಗುಪ್ತವಾರ್ತೆಯ ಅಧಿಕಾರಿಗಳಲ್ಲಿ ತರುಣ ಗ್ಲಬ್ ಒಬ್ಬ. ಮುಂದೆ ಅರಬರ ಬಂಧುವೆನಿಸಿದವನ ಉದ್ಯೋಗ ಹೀಗೆ ಮೊದಲಾಯಿತೆಂಬುದನ್ನು ಮರೆಯಬಾರದು. ಊರೂರು ಅಲೆದು, ಡೇರೆಗಳಲ್ಲಿ ಕಾಫಿ ಕುಡಿದು, ಅವರ ಜಗಳ, ವಂಶಾವಳಿ, ಹಾಡುಗಬ್ಬಗಳನ್ನು ಆಲಿಸಿ ಆತ ಮರಳುಗಾಡಿನ ಅರಬಿಯನ್ನು ಕಲಿತ. 1926ರಲ್ಲಿ ಬ್ರಿಟಿಷ್ ಸೇನೆಯ ಹುದ್ದೆಗೆ ರಾಜೀನಾಮೆಯಿತ್ತು ಇರಾಕ್ ಸರ್ಕಾರದ ನೌಕರಿಗೆ ಸೇರಿದ. ಕಾಗದದ ಮೇಲೆ ನೋಡಿದರೆ ಅಂದಿನಿಂದ ಆತ ಬ್ರಿಟನ್ನಿನ ಸೇನಾಧಿಕಾರಿಯೇ ಅಲ್ಲ.

ದಕ್ಷಿಣ ಇರಾಕಿನ ಬಡ ಕುರಿಗಾಹಿಗಳ ಮೇಲೆ ಆ ದಿನಗಳಲ್ಲಿ ನೆಜದ್ ಕಡೆಯ ಇಖ್ವಾನರು ಎರಗಿ ಕೊಲೆ ಸುಲಿಗೆ ಮಾಡುತ್ತಿದ್ದರು. ಅವರನ್ನು ತಡೆಯುವ ಕೆಲಸದಲ್ಲಿ ಗ್ಲಬ್ ಒಂದು ಪಾಠ ಕಲಿತ. ಮರಳುಗಾಡಿನಲ್ಲಿ ದಂಡು ಕಳುಹಿಸಿ ದರೋಡೆಯನ್ನು ಅಡಗಿಸಲಾಗದು. ದಂಡು ಹೊರಡುವ ಹೊತ್ತಿಗೆ ದರೋಡೆಕೋರ ಮಾಯ. ಮರಳುಗಾಡಿನವನೇ ಮರಳುಗಾಡನ್ನು ಕಾಯಬೇಕು.

1930ರಲ್ಲಿ ಟ್ರಾನ್ಸ್‌ಜೋರ್ಡಾನ್ ನಾಡಿಗೆ ಬಂದಾಗ ಆತ ಈ ಪಾಠವನ್ನು ಪ್ರಯೋಗಕ್ಕೆ ತಂದ. ಅಮೀರ್ ಅಬ್ದುಲ್ಲಾನ ಆ ಚಿಕ್ಕ ನಾಡಿನಲ್ಲಿ ಫ್ರೆಡರಿಕ್ ಪೀಕ್ ಎಂಬ ಮತ್ತೊಬ್ಬ ಇಂಗ್ಲಿಷಿನವನು ಒಂದು ಪಡೆಯನ್ನು ಕಟ್ಟಿದ್ದ. ಅರಬಿಯಲ್ಲಿ ಅದರ ಹೆಸರು ‘ಅಲ್-ಜೈಷ್ ಅಲ್-ಅರಬಿ’, ಅರಬ್ ಸೈನ್ಯ. ಇಂಗ್ಲಿಷರ ಬಾಯಲ್ಲಿ ಅದು ‘ಅರಬ್ ಲೀಜನ್’. ಪೀಕ್ ತನ್ನ ಪಡೆಗೆ ಊರು ಹಳ್ಳಿಗಳವರನ್ನು ಸೇರಿಸಿಕೊಂಡಿದ್ದ. ಬೆದೂಯಿನರೆಂಬ ಅಲೆಮಾರಿಗಳನ್ನು ದೂರವಿಟ್ಟಿದ್ದ. ಗ್ಲಬ್ ಅವರನ್ನೇ ಹುಡುಕಿಕೊಂಡು ಹೋದ. ನಿನ್ನೆ ಕೊಳ್ಳೆ ಹೊಡೆದವನನ್ನು ಇಂದು ಕಾವಲಿಗೆ ನಿಲ್ಲಿಸಿದ. ತಿಂಗಳ ಸಂಬಳವನ್ನೇ ಕಾಣದ ಮನೆಗೆ ಸಂಬಳ ಬಂದಿತು. ಮರಳುಗಾಡಿನಲ್ಲಿ ನೀರನ್ನು ಹಿಡಿದವನೇ ದಾರಿಯನ್ನು ಹಿಡಿದವನಾದ್ದರಿಂದ ಬಾವಿಗಳಿರುವಲ್ಲಿ ಚಿಕ್ಕ ಚಿಕ್ಕ ಕೋಟೆಗಳೆದ್ದವು. ಅವುಗಳ ನಡುವೆ ನಿಸ್ತಂತು ಸಂಪರ್ಕ ಬಂದಿತು. ಒಂಟೆಗಳ ಜೊತೆಗೆ ಮಷೀನ್‌ಗನ್ ಹೊತ್ತ ಮೋಟಾರುಗಳು ಓಡಾಡಿದವು. ಸೈನಿಕರಿಗೆ ಅಕ್ಷರ ಕಲಿಸುವ ಏರ್ಪಾಡಾಯಿತು. ಎರಡು ಮೂರು ವರ್ಷಗಳಲ್ಲಿ ತಲೆತಲಾಂತರದ ಸುಲಿಗೆ ಬಹುಮಟ್ಟಿಗೆ ನಿಂತಿತು.

ಸಮವಸ್ತ್ರದ ವಿಷಯದಲ್ಲಿಯೂ ಗ್ಲಬ್ ಮನುಷ್ಯಸ್ವಭಾವವನ್ನು ಬಲ್ಲವನಾಗಿ ನಡೆದುಕೊಂಡ. ಬೆದೂಯಿನನಿಗೆ ಷರಾಯಿ ತೊಡಿಸಲಿಲ್ಲ. ಅವನದೇ ನೀಳವಾದ ನಿಲುವಂಗಿಯನ್ನು ಖಾಕಿ ಬಟ್ಟೆಯಲ್ಲಿ ಹೊಲಿಸಿ, ಕೆಂಪು ನಡುಪಟ್ಟಿ ಸುತ್ತಿಸಿ, ಕೆಂಪು ಬಿಳಿ ಚೌಕುಳಿಯ ತಲೆವಸ್ತ್ರ ಕೊಡಿಸಿದ. ತನ್ನ ಉಡುಪಿನಲ್ಲಿಯೇ ಇನ್ನಷ್ಟು ಠೀವಿಯಿಂದ ಕಂಡ ಬೆದೂಯಿನ, ಸೈನ್ಯ ತನ್ನದೆಂದು ನಂಬಿದ.

ಆದರೆ ಸೈನ್ಯ ಯಾರದು? ಸಂಬಳ, ಬಂದೂಕು, ಮೋಟಾರು, ಎಣ್ಣೆ, ಎಲ್ಲವೂ ಬ್ರಿಟಿಷ್ ಬೊಕ್ಕಸದ ವಾರ್ಷಿಕ ಸಹಾಯಧನದಿಂದ ಬರುತ್ತಿದ್ದವು. 1939ರಲ್ಲಿ ಪೀಕ್ ನಿವೃತ್ತನಾಗಿ ಗ್ಲಬ್ ಸೇನಾಪತಿಯಾದ. 1941ರಲ್ಲಿ ಇರಾಕಿನ ಹೊಸ ಸರ್ಕಾರ ಬ್ರಿಟಿಷರ ಮೇಲೆ ತಿರುಗಿಬಿದ್ದಾಗ ಬ್ರಿಟಿಷ್ ಪಡೆಗಳಿಗೆ ಮರಳುಗಾಡಿನಲ್ಲಿ ದಾರಿ ತೋರಿ ಬಾಗ್ದಾದಿನವರೆಗೆ ನಡೆಸಿದವರು ಅವನ ಬೆದೂಯಿನರು. ಅರಬ್ ದೇಶದ ಮೇಲೆ ಅರಬ್ ಸೈನ್ಯ, ಬ್ರಿಟಿಷರ ಪಕ್ಷವಾಗಿ! ಅಮ್ಮಾನಿನ ಅರಮನೆ ಒಪ್ಪಿತ್ತು. ಬೀದಿ ಒಪ್ಪಿತ್ತೇ ಎಂಬುದು ಬೇರೆ ಮಾತು. ಗ್ಲಬ್‌ನಿಗೆ ಮಾತ್ರ ಇಲ್ಲಿ ಯಾವ ಇಕ್ಕಟ್ಟೂ ಇರಲಿಲ್ಲ. ಅಬ್ದುಲ್ಲಾನ ಹಿತವೂ ಬ್ರಿಟನ್ನಿನ ಹಿತವೂ ಒಂದೇ ದಾರಿಯಲ್ಲಿವೆಯೆಂದು ಆತ ಮನಸಾರೆ ನಂಬಿದ್ದ. ಎರಡು ಎತ್ತುಗಳೂ ಒಂದೇ ಕಡೆ ಎಳೆಯುವವರೆಗೆ ಗಾಡಿ ಹೊಡೆಯುವವನಿಗೆ ಕಷ್ಟವಿಲ್ಲ.

ಎತ್ತುಗಳು ಬೇರೆ ಬೇರೆ ಕಡೆ ಎಳೆದದ್ದು 1948ರಲ್ಲಿ. ಬ್ರಿಟಿಷರು ಪ್ಯಾಲೆಸ್ಟೈನನ್ನು ಬಿಟ್ಟು ಹೊರಡುವ ಕಾಲ. ಆ ಫೆಬ್ರವರಿಯಲ್ಲಿ ಜೋರ್ಡಾನಿನ ಪ್ರಧಾನಿ ಲಂಡನ್ನಿಗೆ ಹೋಗಿ ಬ್ರಿಟಿಷ್ ವಿದೇಶಾಂಗ ಸಚಿವ ಬೆವಿನ್‌ನನ್ನು ಗುಟ್ಟಾಗಿ ಕಂಡ. ಇಬ್ಬರ ನಡುವೆ ದುಭಾಷಿಯಾಗಿ ಕುಳಿತವನು ಗ್ಲಬ್. ವಿಶ್ವಸಂಸ್ಥೆ ಅರಬರಿಗೆ ಗೊತ್ತುಮಾಡಿದ ಪ್ರದೇಶಕ್ಕೆ ಸೈನ್ಯ ಹೋಗಬಹುದು, ಯಹೂದ್ಯರ ಪ್ರದೇಶಕ್ಕೆ ಹೋಗಕೂಡದು ಎಂಬುದು ಅಲ್ಲಿ ತಿಳಿದ ಬ್ರಿಟಿಷರ ಇಂಗಿತ. ಎರಡು ಸರ್ಕಾರಗಳ ನಡುವಣ ಆ ಕುರ್ಚಿಯಲ್ಲಿಯೇ ಗ್ಲಬ್‌ನ ಇಡೀ ಬಾಳು ಕುಳಿತಂತಿದೆ.

ಮೇ ತಿಂಗಳಲ್ಲಿ ಯುದ್ಧ ಮೊದಲಾಯಿತು. ಅಬ್ದುಲ್ಲಾನ ಅಪ್ಪಣೆಯಂತೆ ಅರಬ್ ಸೈನ್ಯ ಜೆರೂಸಲೆಮ್ಮಿಗೆ ನುಗ್ಗಿ ಹಳೆಯ ನಗರವನ್ನು ಹಿಡಿದುಕೊಂಡಿತು. ಲತ್ರೂನಿನ ದಿಬ್ಬದ ಮೇಲೆ ಇಸ್ರೇಲಿನ ದಾಳಿಗಳನ್ನು ಮತ್ತೆ ಮತ್ತೆ ಹಿಮ್ಮೆಟ್ಟಿಸಿತು. ಅರಬ್ ಸೇನೆಗಳಲ್ಲೆಲ್ಲ ಇಷ್ಟು ಗಟ್ಟಿಯಾಗಿ ನಿಂತದ್ದು ಇದೊಂದೇ. ಆ ಹೊತ್ತಿಗೇ ಬ್ರಿಟನ್ ಮದ್ದುಗುಂಡಿನ ಸರಬರಾಜನ್ನು ನಿಲ್ಲಿಸಿತು. ತಾನು ಎರವಲು ಕೊಟ್ಟಿದ್ದ ಅಧಿಕಾರಿಗಳನ್ನು ರಣರಂಗದಿಂದ ಹಿಂದಕ್ಕೆ ಕರೆಯಿತು. ಗ್ಲಬ್ ಎರವಲು ಬಂದವನಲ್ಲ, ಉಳಿದ. ಆದರೆ ತೋಪಿಗೆ ಗುಂಡಿಲ್ಲದ ಸೇನಾಪತಿ ಎಷ್ಟು ದಿಕ್ಕನ್ನು ಕಾಯಬಲ್ಲ? ಜುಲೈಯಲ್ಲಿ ಲಿಡ್ಡಾ ಮತ್ತು ರಾಮ್ಲೆ ಎಂಬ ಎರಡು ಪಟ್ಟಣಗಳನ್ನು ಕಾಯಲು ತನ್ನ ಬಳಿ ಬಲವಿಲ್ಲವೆಂದು ನಿರ್ಧರಿಸಿ ಲತ್ರೂನನ್ನು ಮಾತ್ರ ಹಿಡಿದು ನಿಂತ. ಪಟ್ಟಣಗಳು ಇಸ್ರೇಲಿನ ವಶವಾದವು. ಅಲ್ಲಿನ ಐವತ್ತು ಸಾವಿರಕ್ಕೂ ಹೆಚ್ಚು ಜನರನ್ನು ಸುಡುಬಿಸಿಲಿನಲ್ಲಿ ಕಾಲ್ನಡಿಗೆಯಾಗಿ ಹೊರದೂಡಲಾಯಿತು. ದಾರಿಯಲ್ಲಿ ಹಲವರು ಸತ್ತರು.

ಲೆಕ್ಕ ಹಾಕಿ ನೋಡಿದರೆ ಗ್ಲಬ್‌ನ ನಿರ್ಧಾರ ಸರಿಯೆಂದೇ ಯುದ್ಧವನ್ನು ಬಲ್ಲ ಹಲವರು ಹೇಳುತ್ತಾರೆ. ಆದರೆ ಮನೆಮಠ ಕಳೆದುಕೊಂಡು ನಡೆದುಬಂದ ತಾಯಿಗೆ ಲೆಕ್ಕವಲ್ಲ ಮುಖ್ಯ. ‘ಇವನು ನಮ್ಮವನಾಗಿದ್ದರೆ ಬಿಟ್ಟುಕೊಡುತ್ತಿದ್ದನೆ?’ ಎಂಬ ಸಂಶಯ ಅಂದು ಹುಟ್ಟಿದ್ದು ಮತ್ತೆ ಸಾಯಲಿಲ್ಲ. ಹಿಂದೊಮ್ಮೆ ನಾನು ಮಾಲೂರಿನಲ್ಲಿ ಇತಿಹಾಸದ ಪಾಠ ಹೇಳುತ್ತಿದ್ದಾಗ ಈ ಪ್ರಸಂಗವನ್ನು ವಿವರಿಸಿದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, “ಅದೇ ತಪ್ಪನ್ನು ಅವರ ಜನವೇ ಮಾಡಿದ್ದರೆ ಬೈದು ಸುಮ್ಮನಾಗುತ್ತಿದ್ದರು, ಅಲ್ಲವೇ ಸಾರ್?” ಎಂದ. ವಿಷಯದ ತಿರುಳು ಅದೇ. ತಪ್ಪು ಮಾಡುವ ಹಕ್ಕು ಕೂಡ ಮನೆಯವನಿಗೆ ಮಾತ್ರ. ಹೊರಗಿನವನು ಸರಿ ಮಾಡಿದರೂ ಅದು ಸಂಶಯಕ್ಕೆ ಎಡೆ.

1951ರ ಜುಲೈ 20ರಂದು ದೊರೆ ಅಬ್ದುಲ್ಲಾ ಜೆರೂಸಲೆಮ್ಮಿನ ಅಲ್-ಅಕ್ಸಾ ಮಸೀದಿಯಲ್ಲಿ ಕೊಲೆಯಾದ. ಹತ್ತಿರದಲ್ಲಿದ್ದ ಮೊಮ್ಮಗ ಹುಸೇನ್ ಎರಡು ವರ್ಷಗಳ ತರುವಾಯ ಪಟ್ಟದ ಅಧಿಕಾರವನ್ನು ವಹಿಸಿಕೊಂಡ. ಸೈನ್ಯ ಈಗ ಇಪ್ಪತ್ತು ಸಾವಿರಕ್ಕೂ ಮೇಲೆ ಬೆಳೆದಿತ್ತು. ಎತ್ತರದ ಹುದ್ದೆಗಳು ಇನ್ನೂ ಬ್ರಿಟಿಷರ ಕೈಯಲ್ಲಿದ್ದವು. ಅರಬ್ ಅಧಿಕಾರಿಗಳು ಮೇಲೆ ಬರುವುದು ಎಂದಿಗೆ ಎಂದು ತಾನು ಕೇಳಿದಾಗ, ಇಂಜಿನಿಯರುಗಳ ದಳಕ್ಕೆ 1985ರ ಹೊತ್ತಿಗೆ ಅರಬ್ ನಾಯಕ ಸಿಕ್ಕಬಹುದೆಂಬ ಉತ್ತರ ಬಂದಿತೆಂದು ಹುಸೇನ್ ಮುಂದೆ ಬರೆದಿದ್ದಾನೆ. ನಮ್ಮಲ್ಲಿ ನಡೆದುದನ್ನು ಇದಕ್ಕೆ ಹೋಲಿಸಿ ನೋಡಿ. 1949ರ ಜನವರಿ 15ರಂದು ಜನರಲ್ ಬುಚರ್‌ನಿಂದ ಭಾರತದ ಭೂಸೇನೆಯ ಅಧಿಕಾರವನ್ನು ವಹಿಸಿಕೊಂಡವರು ಕೊಡಗಿನ ಕಾರಿಯಪ್ಪನವರು. ಸ್ವಾತಂತ್ರ್ಯ ಬಂದು ಒಂದೂವರೆ ವರ್ಷ ತುಂಬುವುದರೊಳಗೆ ಸೇನೆಯ ತುದಿಯ ಕುರ್ಚಿ ನಾಡಿನವರದಾಗಿತ್ತು. ಆ ದಿನವನ್ನು ನಾವು ಇಂದಿಗೂ ಸೇನಾದಿನವೆಂದು ಆಚರಿಸುತ್ತೇವೆ. 1946ರಲ್ಲಿಯೇ ಸ್ವತಂತ್ರವೆನಿಸಿದ ಜೋರ್ಡಾನ್ ಹತ್ತು ವರ್ಷ ಕಾದಿತ್ತು.

1956ರ ಮಾರ್ಚ್ 1ರಂದು ಇಪ್ಪತ್ತು ವರ್ಷದ ದೊರೆ ಐವತ್ತೆಂಟು ವರ್ಷದ ಸೇನಾಪತಿಯನ್ನು ವಜಾ ಮಾಡಿದ. ಮರುದಿನ ಬೆಳಿಗ್ಗೆ ಗ್ಲಬ್ ದೇಶ ಬಿಡಬೇಕಾಯಿತು. ಅವನ ಕೈಕೆಳಗಿದ್ದ ಸೈನ್ಯ ಆಗ ಏನು ಬೇಕಾದರೂ ಮಾಡಬಹುದಿತ್ತು. ಪ್ರತಿಭಟಿಸಬೇಡಿರೆಂದು ತನ್ನ ಬ್ರಿಟಿಷ್ ಅಧಿಕಾರಿಗಳಿಗೆ ತಿಳಿಸಿ, ದೊರೆ ಕಳುಹಿಸಿದ ಬೆಳ್ಳಿಯ ಚೌಕಟ್ಟಿನ ಭಾವಚಿತ್ರವನ್ನು ಹಿಡಿದು ಆತ ಸದ್ದಿಲ್ಲದೆ ಹೊರಟುಹೋದ. ಅಮ್ಮಾನಿನ ಬೀದಿಗಳಲ್ಲಿ ಜನ ಹಬ್ಬ ಮಾಡಿದರು. ಅವನ ಬಾಳಿನಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಗೆದ್ದ ಯಾವ ಕಾಳಗವೂ ಅಲ್ಲ, ಈ ನಿರ್ಗಮನ. ತನ್ನದೆಂದು ನಂಬಿ ಬೆಳೆಸಿದ ಸೈನ್ಯ ತನ್ನದಲ್ಲವೆಂದು ಆತ ಆ ರಾತ್ರಿ ಒಪ್ಪಿಕೊಂಡ.

ಹಾಗಾದರೆ ಸೈನ್ಯ ಅಂದಿನಿಂದ ಪೂರ್ತಿ ಜೋರ್ಡಾನಿನದೇ ಆಯಿತೆ? ಇಲ್ಲಿ ಉಪ್ಪಿನ ಪ್ರಶ್ನೆ ಮತ್ತೆ ಎದುರಾಗುತ್ತದೆ. ಬ್ರಿಟಿಷರ ಹಣಕ್ಕೆ ಬದಲಾಗಿ ತಾವು ಕೊಡುವೆವೆಂದು 1957ರ ಜನವರಿಯಲ್ಲಿ ಈಜಿಪ್ಟ್, ಸಿರಿಯಾ, ಸೌದಿ ಅರೇಬಿಯಾಗಳು ಮಾತು ಕೊಟ್ಟವು. ಆ ಮಾರ್ಚಿಯಲ್ಲಿ ಬ್ರಿಟನ್ನಿನೊಡನಿದ್ದ ಒಪ್ಪಂದ ಕೊನೆಗೊಂಡಿತು. ಅರಬ್ ನೆರೆಯವರಲ್ಲಿ ಮಾತು ಉಳಿಸಿಕೊಂಡು ಹಣ ಕಳುಹಿಸಿದ್ದು ಸೌದಿ ಮಾತ್ರ. ಅದೇ ವರ್ಷ ಅಮೆರಿಕದ ನೆರವು ಬಂದಿತು. ಸೇನಾಪತಿಯನ್ನು ಒಂದು ರಾತ್ರಿಯಲ್ಲಿ ಬದಲಾಯಿಸಬಹುದು. ಬೊಕ್ಕಸವನ್ನು ಹಾಗೆ ಬದಲಾಯಿಸಲಾಗುವುದಿಲ್ಲ.

ಗ್ಲಬ್ ಇಂಗ್ಲೆಂಡಿನಲ್ಲಿ ಪುಸ್ತಕ ಬರೆದು, ಉಪನ್ಯಾಸ ಮಾಡಿ ಉಳಿದ ಮೂವತ್ತು ವರ್ಷ ಕಳೆದ. ಅವನ ಬರಹಗಳಲ್ಲಿ ಬೆದೂಯಿನರ ಮೇಲಿನ ಮಮತೆ ಎದ್ದು ಕಾಣುವಂತೆಯೇ, ಪಟ್ಟಣದ ಓದಿದ ಅರಬರ ವಿಷಯದಲ್ಲಿ ಅಸಹನೆಯೂ ಕಾಣುತ್ತದೆ. ವಿಧೇಯನನ್ನು ಪ್ರೀತಿಸುವುದು ಸುಲಭ. ಸಮಾನನಾಗಿ ಎದುರು ನಿಂತು ಪ್ರಶ್ನಿಸುವವನನ್ನು ಪ್ರೀತಿಸುವುದು ಕಷ್ಟ. ಜೆರೂಸಲೆಮ್ಮಿನಲ್ಲಿ 1939ರಲ್ಲಿ ಹುಟ್ಟಿದ ಅವನ ಮಗನಿಗೆ ಆ ನಗರವನ್ನು ಗೆದ್ದ ಕ್ರೈಸ್ತ ವೀರನ ನೆನಪಿಗೆ ಗಾಡ್‌ಫ್ರೆ ಎಂದು ಹೆಸರಿಟ್ಟಿದ್ದರು. ಆ ಮಗ ಇಸ್ಲಾಂ ಧರ್ಮ ಸ್ವೀಕರಿಸಿ, ಫಾರಿಸ್ ಎಂಬ ಹೆಸರಿನಿಂದ ಪತ್ರಕರ್ತನಾಗಿ ಅರಬರ ನಡುವೆಯೇ ಬಾಳಿದ. ತಂದೆ 1986ರ ಮಾರ್ಚಿಯಲ್ಲಿ ತೀರಿಕೊಂಡಾಗ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ನಡೆದ ಸ್ಮರಣಸಭೆಯಲ್ಲಿ ಎದ್ದು ನಿಂತು ಗೌರವದ ಮಾತಾಡಿದವನು ಅವನನ್ನು ವಜಾ ಮಾಡಿದ್ದ ದೊರೆ ಹುಸೇನನೇ. ವ್ಯಕ್ತಿಯ ಋಣವನ್ನು ದೊರೆ ಮರೆಯಲಿಲ್ಲ. ನಾಡಿನ ಹಕ್ಕನ್ನೂ ಆ ಋಣಕ್ಕೆ ಅಡವಿಡಲಿಲ್ಲ.

ದೆಹಲಿಯಲ್ಲಿ ತೀನ್ ಮೂರ್ತಿ ಎಂಬ ಸ್ಮಾರಕವಿದೆ. ಅಲ್ಲಿ ನಿಂತಿರುವ ಮೂವರು ಯೋಧರ ಕಂಚಿನ ಪ್ರತಿಮೆಗಳು ಹೈದರಾಬಾದು, ಜೋಧಪುರ, ಮೈಸೂರು ಸಂಸ್ಥಾನಗಳ ಸವಾರರನ್ನು ಪ್ರತಿನಿಧಿಸುತ್ತವೆ. 2018ರಲ್ಲಿ ಆ ವೃತ್ತಕ್ಕೆ ಹೈಫಾದ ಹೆಸರನ್ನೂ ಸೇರಿಸಿದರು. ಅವರ ಶೌರ್ಯ ಸಂಶಯಕ್ಕೆ ಮೀರಿದ್ದು. ಅದು ಯಾರ ಯುದ್ಧವಾಗಿತ್ತು ಎಂದು ಕೇಳುವುದರಿಂದ ಆ ಶೌರ್ಯಕ್ಕೆ ಕುಂದು ಬರುವುದಿಲ್ಲ. ಮೈಸೂರಿನ ಸವಾರನಾಗಲಿ, ಬೆದೂಯಿನ ಕಾವಲಿನವನಾಗಲಿ, ತಾನು ಉಂಡ ಮನೆಗೆ ಎರಡು ಬಗೆಯಲಿಲ್ಲ. ಅವನ ಮುಂದೆ ಎರಡು ಮನೆಗಳನ್ನು ನಿಲ್ಲಿಸಿದವರು ಬೇರೆಯವರು. ನಾಡೊಂದು ತನ್ನ ಸೈನಿಕನಿಗೆ ಮಾಡಬಹುದಾದ ಮೊದಲನೆಯ ಉಪಕಾರವೆಂದರೆ ಅವನ ಊಟದ ಎಲೆಗೂ ಅವನಿಗೆ ಬರುವ ಅಪ್ಪಣೆಗೂ ಒಂದೇ ಮನೆಯಿರುವಂತೆ ನೋಡಿಕೊಳ್ಳುವುದು. ಮುಳಬಾಗಿಲಿನ ಬಂಡೆಗಳ ನಡುವೆ ಸತ್ತ ಸಿಪಾಯಿಗೆ ಆ ಭಾಗ್ಯವಿರಲಿಲ್ಲ. ಇಂದು ಕೋಲಾರದಿಂದ ಸೈನ್ಯಕ್ಕೆ ಹೊರಡುವ ಹುಡುಗನಿಗೆ ಅದು ಇದೆ.